ಮುದ್ದು ಬೇಡ, ಗೇಯಿಸಿ

ಹೊಸದಾಗಿ ಬೋರ್ ಮಾಡಿಸಿದ ಯೆಜ್ಡಿ ಗಾಡಿಗಳು ಹಾಳಾಗುವುದು ಪುಂಡ ಹುಡುಗರ ಕೈಯಲ್ಲಿ ಎಂಬುದು ನಮ್ಮ ಕಡೆಯ ನಂಬಿಕೆ. ನಾನು ಕಂಡಂತೆ ಅದು ಅರ್ಧ ಸುಳ್ಳು. ಪುಂಡರು ಹಾಳು ಮಾಡುವುದು ನಡುಬೀದಿಯಲ್ಲಿ, ಸದ್ದು ಮಾಡಿಕೊಂಡು. ಹಾಗಾಗಿ ಅದು ಊರಿಗೆಲ್ಲ ಕಾಣುತ್ತದೆ. ಪ್ರೀತಿಯಿಂದ ಹಾಳು ಮಾಡುವವರು ಮನೆಯ ಮುಂದೆ ಗಾಡಿಗೆ ಸ್ಟ್ಯಾಂಡ್ ಹಾಕಿ, ಹಳೇ ಬನಿಯನ್ನಿನಲ್ಲಿ ಟ್ಯಾಂಕ್ ಒರೆಸುತ್ತ, ಬೆಳಿಗ್ಗೆ ಅರ್ಧ ಗಂಟೆ ಇಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು, ಯಾರಿಗೂ ಕಾಣದ ಹಾಗೆ ಹಾಳು ಮಾಡುತ್ತಾರೆ. ನಾನು ಈ ಎರಡನೆಯ ಗುಂಪಿನವನಾಗಿದ್ದೆ. ಹಾಳು ಮಾಡಿದ್ದು ಮಾತ್ರವಲ್ಲ, ಅದರ ಪಾಪವನ್ನು ಮೆಕ್ಯಾನಿಕ್ಕಿನ ತಲೆಗೆ ಕಟ್ಟಿಯೂ ಬಂದಿದ್ದೆ. ಈ ಬರಹದ ಜಗಳ ಅಲ್ಲಿಂದ ಶುರುವಾಗುತ್ತದೆ.

ಗಾಡಿ ನನ್ನ ಚಿಕ್ಕಪ್ಪನದು, ರೋಡ್‌ಕಿಂಗ್. ಪಾಂಡವಪುರದ ಸುತ್ತಿನ ಹಳ್ಳಿಗಳಿಂದ ಡೈರಿಗೆ ಹಾಲಿನ ಕ್ಯಾನು ಹೊತ್ತ ಗಾಡಿ. ಚಿಕ್ಕಪ್ಪ ಅದನ್ನು ಒಂದು ದಿನವೂ ಮುದ್ದು ಮಾಡಿದ್ದು ನಾನು ನೋಡಿಲ್ಲ. ಅವರು ಹೋದ ಮೇಲೆ ಕೊಟ್ಟಿಗೆಯಲ್ಲಿ ನಿಂತೇ ಹಲವು ವರ್ಷ ಕಳೆದ ಅದನ್ನು ನಾನು ಹೊರಗೆಳೆದು ಇಂಜಿನ್ ಇಳಿಸಿ ಬಿಚ್ಚಿಸಿದೆ. ಬ್ಯಾರಲ್ ಬೋರಿಂಗಿಗೆ ಮೈಸೂರಿಗೆ ಹೋಗಿ ಬಂತು. ಹೊಸ ಪಿಸ್ಟನ್, ಹೊಸ ರಿಂಗು, ಕ್ರ್ಯಾಂಕಿಗೆ ಹೊಸ ಬೇರಿಂಗು, ಹೊಸ ಆಯಿಲ್ ಸೀಲು. ಕೆಲಸ ಮಾಡಿದವನು ನಮ್ಮೂರಿನವನೇ ಒಬ್ಬ ಮೇಸ್ತ್ರಿ. ಗಾಡಿ ಕೊಡುವಾಗ ಅವನು ಹೇಳಿದ್ದು ಇಷ್ಟು: "ಮುದ್ದು ಮಾಡ್ಬ್ಯಾಡಿ ಕನಣ್ಣ. ಗೇಯ್ಸಿ. ಗೇಯ್ಸಿ, ಸುಧಾರಿಸ್ಕೊಳಕ್ ಬುಡಿ."

ಆ ಮಾತನ್ನು ನಾನು ಹಳ್ಳಿ ಮೇಸ್ತ್ರಿಯ ಒರಟು ಮಾತು ಎಂದುಕೊಂಡೆ. ನನ್ನ ತಲೆಯಲ್ಲಿ ಆಗ ಬೇರೆ ಸಾಹಿತ್ಯ ತುಂಬಿತ್ತು. ಜಾವಾ, ಯೆಜ್ಡಿ ಎಂದರೆ ನಾವು ಕನ್ನಡದವರು ಬರೆಯುವ ನೆನಪುಗಳು ನಿಮಗೂ ಗೊತ್ತು: ಅಪ್ಪನ ಹಿಂದೆ ಕೂತ ಮಗು, ಜೋಡಿ ಸೈಲೆನ್ಸರಿನ ಸದ್ದು, ಹೊಗೆಯ ಸಿಹಿ ವಾಸನೆ, ಕಿಕ್ಕರೇ ಗೇರ್ ಆಗುವ ವಿಸ್ಮಯ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಗಾಡಿ ತಯಾರಿಸಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಮೇಲೆ ನಮಗಿರುವ ಮೋಹ ಸುಳ್ಳಲ್ಲ. ಆದರೆ ಆ ಬರಹಗಳಲ್ಲಿ ಸದ್ದು ಇರುತ್ತದೆ, ಅಳತೆ ಇರುವುದಿಲ್ಲ. ಆ ಸದ್ದು ಬರುವಂತೆ ಮಾಡಿದವನ ಕೈಯಂತೂ ಇರುವುದೇ ಇಲ್ಲ. ಅದನ್ನೆಲ್ಲ ಓದಿಕೊಂಡ ನಾನು ಗಾಡಿಯನ್ನು ಬಾಣಂತಿಯ ಹಾಗೆ ನೋಡಿಕೊಂಡೆ.

ಏನೇನು ಮಾಡಿದೆ ಹೇಳುತ್ತೇನೆ, ನಿಮ್ಮಲ್ಲಿ ಕೆಲವರು ಈಗಲೂ ಅದನ್ನೇ ಮಾಡುತ್ತಿರಬಹುದು. ದಿನಾ ಬೆಳಿಗ್ಗೆ ಸ್ಟ್ಯಾಂಡ್ ಹಾಕಿ ಅರ್ಧ ಗಂಟೆ ಐಡ್ಲಿಂಗ್. ರಸ್ತೆಗಿಳಿದರೆ ಟಾಪ್ ಗೇರಿನಲ್ಲಿ ಮೂವತ್ತು, ಮೂವತ್ತೈದು, ಅದಕ್ಕಿಂತ ಹೆಚ್ಚಿಲ್ಲ. ಪೆಟ್ರೋಲಿಗೆ ಮೇಸ್ತ್ರಿ ಹೇಳಿದ್ದು ಲೀಟರಿಗೆ 40 ಮಿಲಿ ಆಯಿಲ್. ಮಗು ಚೆನ್ನಾಗಿರಲಿ ಎಂದು ನಾನು ಹಾಕಿದ್ದು 60, ಒಮ್ಮೊಮ್ಮೆ 70. ಉಬ್ಬು ಬಂದರೆ ಇಂಜಿನ್ನಿಗೆ ಕಷ್ಟವಾಗುತ್ತದೆಂದು ಬಳಸಿಕೊಂಡು ಹೋಗುತ್ತಿದ್ದೆ. ಹೀಗೆ ಒಂದೂವರೆ ತಿಂಗಳು. ಕೊನೆಗೊಂದು ಭಾನುವಾರ ಮೇಲುಕೋಟೆಗೆ ಹೋಗಿ, ಇಳಿಯುವಾಗ ಗೇರಿನಲ್ಲೇ ಬಿಟ್ಟು ಆಕ್ಸಿಲರೇಟರ್ ಪೂರಾ ಮುಚ್ಚಿ, ಪಾಪ ಇಂಜಿನ್ನಿಗೂ ವಿಶ್ರಾಂತಿ ಸಿಗಲಿ ಎಂದು ಅಷ್ಟುದ್ದ ಇಳಿಜಾರನ್ನು ಇಳಿದೆ. ಬೆಟ್ಟದ ಬುಡ ದಾಟಿ ಜಕ್ಕನಹಳ್ಳಿ ಕಡೆಗೆ ತಿರುಗಿದ ಸ್ವಲ್ಪ ಹೊತ್ತಿಗೆ ಹಿಂದಿನ ಚಕ್ರ ಕೀರಿಟ್ಟು ನಿಂತಿತು. ಪಿಸ್ಟನ್ ಹಿಡಿದುಕೊಂಡಿತ್ತು.

ಮಾರನೇ ದಿನ ಗ್ಯಾರೇಜಿನ ಮುಂದೆ ನಾಲ್ಕು ಜನರ ಎದುರಿಗೆ ನಾನು ಕೂಗಾಡಿದೆ. ಕಳಪೆ ಪಿಸ್ಟನ್ ಹಾಕಿದ್ದೀಯ ಎಂದೆ, ಬೋರ್ ಟೈಟಾಗಿ ಇಟ್ಟಿದ್ದೀಯ ಎಂದೆ. ಅವನು ಎದುರಾಡಲಿಲ್ಲ. ಹೆಡ್ ಬಿಚ್ಚಿ, ಬ್ಯಾರಲ್ ಎತ್ತಿ, ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಿದ. "ಇಳಿಜಾರ್ನಲ್ಲಿ ಗೇರಲ್ಲೇ ಬುಟ್ರಾ?" ಎಂದು ಒಂದೇ ಪ್ರಶ್ನೆ ಕೇಳಿದ. ಮುಂದಿನ ಕೆಲಸಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ. ಪಿಸ್ಟನ್ನಿನ ದುಡ್ಡು ಮಾತ್ರ ಇಸಕೊಂಡ. ಆ ಕೂಲಿ ಅವನ ಮೂರು ದಿನದ ದುಡಿಮೆ. ಅದನ್ನು ನುಂಗಿದ್ದು ಯೆಜ್ಡಿಯ ಮೇಲಿನ ನನ್ನ ಪ್ರೀತಿ.

ಈಗ ವಾದಕ್ಕೆ ಬರೋಣ. ಬೋರ್ ಮಾಡಿದ ಬ್ಯಾರಲ್ಲಿನ ಒಳಮೈ ಕನ್ನಡಿಯಂತೆ ನುಣ್ಣಗಿರುವುದಿಲ್ಲ, ಇರಲೂ ಬಾರದು. ಹೋನಿಂಗ್ ಕಲ್ಲು ಅದರ ಮೇಲೆ ಅಡ್ಡಡ್ಡ ಗೀರುಗಳನ್ನು ಬಿಟ್ಟಿರುತ್ತದೆ, ಉತ್ತ ಹೊಲದ ಸಾಲುಗಳ ಹಾಗೆ. ಆ ಸಾಲುಗಳ ದಿಂಡು ರಿಂಗಿಗೆ ತಿಕ್ಕಿ ಸವೆಯಬೇಕು, ತಗ್ಗಿನಲ್ಲಿ ಎಣ್ಣೆ ನಿಲ್ಲಬೇಕು. ಆಗ ರಿಂಗೂ ಗೋಡೆಯೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ವಂತ ಬಿಗಿತ ಅಷ್ಟೇ ಅಲ್ಲ. ಉರಿದ ಗ್ಯಾಸು ರಿಂಗಿನ ಹಿಂದಿನ ಸಂದಿಗೆ ಹೊಕ್ಕು ಹೊರಗೆ ನೂಕುವ ಒತ್ತಡವೇ ದೊಡ್ಡದು. ಆಕ್ಸಿಲರೇಟರ್ ಕೊಡದೆ ಆ ಒತ್ತಡ ಎಲ್ಲಿಂದ ಬರಬೇಕು? ಸ್ಟ್ಯಾಂಡಿನ ಮೇಲೆ ಅರ್ಧ ಗಂಟೆ ಗುನುಗುವ ಇಂಜಿನ್ನಿನಲ್ಲಿ ರಿಂಗು ಸುಮ್ಮನೆ ಜಾರಾಡುತ್ತದೆ, ಪ್ಲಗ್ಗಿಗೆ ಮಸಿ ಕಟ್ಟುತ್ತದೆ, ಗಾಳಿ ಬೀಸದೆ ಬ್ಯಾರಲ್ ಕಾಯುತ್ತದೆ. ಹೊಂದಿಕೊಳ್ಳುವ ಕೆಲಸ ಮಾತ್ರ ನಡೆಯುವುದಿಲ್ಲ.

ಇನ್ನು ಆಯಿಲ್ ವಿಷಯ. ಇದು ನನ್ನನ್ನು ಈಗಲೂ ನಾಚಿಸುತ್ತದೆ. ಹೆಚ್ಚು ಆಯಿಲ್ ಎಂದರೆ ಹೆಚ್ಚು ರಕ್ಷಣೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕಾರ್ಬುರೇಟರಿನ ಜೆಟ್ ಒಂದು ತೂತು ಅಷ್ಟೆ. ಅದರಲ್ಲಿ ಇಳಿಯುವ ದ್ರವದಲ್ಲಿ ಆಯಿಲ್ ಪಾಲು ಹೆಚ್ಚಾದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಗಾಳಿ ಅಷ್ಟೇ ಇದೆ, ಪೆಟ್ರೋಲು ಕಡಿಮೆ. ಮಿಶ್ರಣ ತೆಳುವಾಗಿ ಇಂಜಿನ್ ಇನ್ನಷ್ಟು ಕಾಯುತ್ತದೆ. ಕಾದರೆ ಏನಾಗುತ್ತದೆ? ಯೆಜ್ಡಿಯ ಪಿಸ್ಟನ್ ಅಲ್ಯುಮಿನಿಯಂ, ಬ್ಯಾರಲ್ ಎರಕದ ಕಬ್ಬಿಣ. ಕಾವಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇವೆರಡರ ನಡುವೆ ಬಿಟ್ಟಿರುವ ಸಂದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯುವಂಥದ್ದು. ಹೊಸ ಬೋರಿನಲ್ಲಿ ಆ ಸಂದು ಇನ್ನೂ ಸವೆದಿರುವುದಿಲ್ಲ. ಮಗುವಿಗೆಂದು ನಾನು ಎರಡು ಚಮಚ ತುಪ್ಪ ಜಾಸ್ತಿ ಹಾಕಿದ್ದೆ, ಮಗುವಿಗೆ ಜ್ವರ ಬಂದಿತ್ತು.

ಇಳಿಜಾರಿನದು ಇದಕ್ಕಿಂತ ದೊಡ್ಡ ಮೋಸ. ಟೂ ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಇಳಿದರೆ, ಚಕ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ, ಪೆಟ್ರೋಲು ಬಾರದೆ ಎಣ್ಣೆಯೂ ಬರುವುದಿಲ್ಲ. ಸ್ವೀಡನ್ನಿನ ಸಾಬ್, ಪೂರ್ವ ಜರ್ಮನಿಯ ವಾರ್ಟ್‌ಬರ್ಗ್ ಕಾರುಗಳನ್ನು ಮಾಡಿದವರಿಗೆ ಇದು ಗೊತ್ತಿತ್ತು. ಅವರ ಟೂ ಸ್ಟ್ರೋಕ್ ಕಾರುಗಳಲ್ಲಿ, ಸೈಕಲ್ಲಿನ ಫ್ರೀವೀಲಿನ ಹಾಗೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಚಕ್ರದಿಂದ ಇಂಜಿನ್ ಬಿಡುಗಡೆಯಾಗುವ ವ್ಯವಸ್ಥೆ ಇಟ್ಟಿದ್ದರು. ಯೆಜ್ಡಿಯಲ್ಲಿ ಅದಿಲ್ಲ, ಓಡಿಸುವವನ ಎಡಗೈಯೇ ಅದು. ಇಳಿಯುವಾಗ ಕ್ಲಚ್ ಹಿಡಿಯಬೇಕು, ಇಲ್ಲವೆ ನಡುನಡುವೆ ಆಕ್ಸಿಲರೇಟರನ್ನು ಒಂದು ಚೂರು ತಿರುವಿ ಗಂಟಲು ಒದ್ದೆ ಮಾಡುತ್ತಿರಬೇಕು. (ಕ್ಲಚ್ ಹಿಡಿದೇ ಮೇಲುಕೋಟೆ ಇಳಿಯುವವರು ಮೊದಲು ತಮ್ಮ ಡ್ರಮ್ ಬ್ರೇಕಿನ ಯೋಗ್ಯತೆ ನೋಡಿಕೊಳ್ಳುವುದು ಒಳ್ಳೆಯದು. ಪಿಸ್ಟನ್ನಿಗಿಂತ ಮೊಣಕಾಲು ದುಬಾರಿ.) ಎಳೆಯುವಾಗಲ್ಲ, ಸುಮ್ಮನಿರುವಾಗ ಸಾಯುವ ಯಂತ್ರ ಇದು. ಇದು ತಿಳಿಯದವನು ವಿಶ್ರಾಂತಿ ಕೊಡುತ್ತಿದ್ದೇನೆಂದುಕೊಂಡು ಕತ್ತು ಹಿಸುಕುತ್ತಾನೆ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಪಾರ್ಟಿಯವರು ಚಪ್ಪಾಳೆ ತಟ್ಟುತ್ತಾರೆ. ಅಮೆರಿಕದ ಒಬ್ಬ ಟ್ಯೂನರ್ ವರ್ಷಗಳ ಹಿಂದೆ ಬರೆದ ಒಂದು ಲೇಖನ ಇವರ ವೇದ. ಹೊಸ ಇಂಜಿನ್ನನ್ನು ಮೊದಲ ಇಪ್ಪತ್ತು ಮೈಲಿಯಲ್ಲೇ ಚೆನ್ನಾಗಿ ಹೊಡೆದು ಓಡಿಸಬೇಕು, ಇಲ್ಲದಿದ್ದರೆ ರಿಂಗು ಕೂರುವುದೇ ಇಲ್ಲ ಎಂಬುದು ಅದರ ತಿರುಳು. ರಿಂಗಿಗೆ ಒತ್ತಡ ಬೇಕು ಎನ್ನುವಲ್ಲಿ ಅವನು ಸರಿ. ಕಂಪ್ಯೂಟರ್ ಹಿಡಿತದ ಯಂತ್ರಗಳಲ್ಲಿ ತಯಾರಾಗಿ ಬಂದ ಇವತ್ತಿನ ಇಂಜಿನ್ನಿಗೆ ಅವನ ದಾರಿ ಒಗ್ಗಲೂಬಹುದು. ನಮ್ಮ ಮುಂದಿರುವುದು ಹಲವು ದಶಕ ತಿಂದ ಕಬ್ಬಿಣದ ಬ್ಯಾರಲ್, ಕಾರ್ಖಾನೆ ಮುಚ್ಚಿದ ಮೇಲೆ ಯಾರೋ ಎಲ್ಲೋ ಮಾಡಿದ ಪಿಸ್ಟನ್, ಕೈಯ ಅಂದಾಜಿನಲ್ಲಿ ಮುಗಿಸಿದ ಹೋನಿಂಗ್. ಅದೂ ಅಲ್ಲದೆ ತಣ್ಣಗಿನ ಇಂಜಿನ್ನನ್ನು ಕಿಕ್ ಹೊಡೆದ ಕೂಡಲೇ ಎಳೆದರೆ ಪಿಸ್ಟನ್ ಬೇಗ ಕಾದು ಹಿಗ್ಗುತ್ತದೆ. ದಪ್ಪ ಕಬ್ಬಿಣದ ಬ್ಯಾರಲ್ ನಿಧಾನಕ್ಕೆ ಕಾಯುತ್ತದೆ. ಮನೆಯೊಳಗೆ ನೆಂಟ ದಪ್ಪಗಾದ, ಬಾಗಿಲು ಅಗಲವಾಗಿಲ್ಲ. ಪಿಸ್ಟನ್ನಿನ ನಾಲ್ಕು ಮೂಲೆಗಳಲ್ಲೂ ಗೀರು ಬಿದ್ದು ಹಿಡಿದುಕೊಳ್ಳುವುದು ಹೀಗೆ. ಮೇಸ್ತ್ರಿ "ಗೇಯ್ಸಿ" ಎಂದದ್ದನ್ನು ಕೇಳಿಸಿಕೊಂಡು "ಸುಧಾರಿಸ್ಕೊಳಕ್ ಬುಡಿ" ಎಂದದ್ದನ್ನು ಕೇಳಿಸಿಕೊಳ್ಳದ ಪಾರ್ಟಿ ಇದು. ನನ್ನದು ಅದರ ಉಲ್ಟಾ ಇತ್ತು.

ಇಂಗ್ಲಿಷಿನವರು ಇದನ್ನು ರನ್ನಿಂಗ್ ಇನ್ ಅಂದರು. ಒಂದು ಕಾಲದಲ್ಲಿ ಬ್ರಿಟನ್ನಿನ ಹೊಸ ಕಾರುಗಳ ಹಿಂದಿನ ಗಾಜಿಗೆ 'ರನ್ನಿಂಗ್ ಇನ್, ಪ್ಲೀಸ್ ಪಾಸ್' ಎಂಬ ಚೀಟಿ ಇರುತ್ತಿತ್ತು; ನಾನು ನಿಧಾನ, ನೀವು ಮುಂದೆ ಹೋಗಿ ಎಂದು. ಬಹುಶಃ ಆ ಚೀಟಿಯಿಂದಲೇ ನಮ್ಮ ತಲೆಗೂ ಇದು ನಿಧಾನದ ವ್ರತ ಎಂದು ಹೊಕ್ಕಿರಬೇಕು. ನಮ್ಮ ಕಡೆ ಇದಕ್ಕೆ ಬೇರೆಯದೇ ಪಾಠ ಇದೆ. ಹೋರಿ ಪಳಗಿಸುವುದನ್ನು ನೋಡಿದ್ದೀರಾ? ಎರಡಲ್ಲಿನ ಹೋರಿಯನ್ನು ತಂದ ದಿನವೇ ಕಬ್ಬಿನ ಗಾಡಿಗೆ ಹೂಡುವವನು ಮೂರ್ಖ. ಹಲ್ಲು ಕೂಡುವವರೆಗೂ ಕೊಟ್ಟಿಗೆಯಲ್ಲಿ ಹಿಂಡಿ ಹಾಕಿ ನಿಲ್ಲಿಸುವವನೂ ಮೂರ್ಖನೇ. ಬಲ್ಲವನು ಅದನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟಿ ಮೊದಲು ಮರದ ಕೊರಡು ಎಳೆಸುತ್ತಾನೆ, ಆಮೇಲೆ ಖಾಲಿ ಗಾಡಿ, ಆಮೇಲೆ ಅರ್ಧ ಹೇರು. ನಡುವೆ ಬಿಚ್ಚಿ, ನೀರು ಕುಡಿಸಿ, ಹೆಗಲು ಮುಟ್ಟಿ ನೋಡುತ್ತಾನೆ, ಬಾವು ಬಂದಿದೆಯಾ ಎಂದು. ಶಿವರಾತ್ರಿ ಹೊತ್ತಿನ ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಬೆಣ್ಣೆ ತಿಂದು ಮಿರಮಿರ ಮಿಂಚುವ, ನೊಗದ ಗುರುತೇ ಇಲ್ಲದ ಹಳ್ಳಿಕಾರ್ ಜೋಡಿಗಳೂ ನಿಂತಿರುತ್ತವೆ. ನೋಡಲು ಎರಡು ಕಣ್ಣು ಸಾಲದು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದು ಸೇರುವ ಕಡೆ ಟ್ರೈಲರಿನಲ್ಲಿ ಬಂದಿಳಿಯುವ ಕೆಲವು ಗಾಡಿಗಳನ್ನು ಕಂಡಾಗ ನನಗೆ ಆ ಜೋಡಿಗಳ ನೆನಪಾಗುತ್ತದೆ.

ಸಂಗ್ರಾಹಕ ಮಿತ್ರರ ಉತ್ತರ ನನಗೆ ಗೊತ್ತು, ಅದನ್ನು ಹಗುರ ಮಾಡಲಾರೆ. ಅವರು ಹೇಳುವುದು: ಇದು ಇನ್ನು ದುಡಿಯುವ ಗಾಡಿಯಲ್ಲ, ಉಳಿಸಿಕೊಳ್ಳಬೇಕಾದ ಆಸ್ತಿ. ಮೈಸೂರಿನ ಆ ಕಾರ್ಖಾನೆಯಿಂದ ಇನ್ನೊಂದು ಬ್ಯಾರಲ್ ಬರುವುದಿಲ್ಲ. 2018ರಲ್ಲಿ ಜಾವಾ ಹೆಸರು ಮರಳಿ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಆದರೆ ಅವು ನೀರಿನಲ್ಲಿ ತಣಿಯುವ ಫೋರ್ ಸ್ಟ್ರೋಕ್ ಇಂಜಿನ್ನುಗಳು, ಇದರ ಒಂದು ನಟ್ಟಿಗೂ ಸಂಬಂಧವಿಲ್ಲ. ಇದೆಲ್ಲ ನಿಜ. ಮೊದಲ ಅಳತೆ 65 ಮಿಲಿಮೀಟರ್. ಪ್ರತಿ ಬೋರಿಗೆ ಸಾಮಾನ್ಯವಾಗಿ ಕಾಲು ಮಿಲಿಮೀಟರ್ ಕಬ್ಬಿಣ ಹೋಗುತ್ತದೆ. (ತಮಾಷೆಯೆಂದರೆ 250 ಎಂದು ಹೆಸರಿಟ್ಟುಕೊಂಡ ಈ ಇಂಜಿನ್ 75 ಮಿಲಿಮೀಟರ್ ಸ್ಟ್ರೋಕಿನಲ್ಲಿ ಲೆಕ್ಕ ಹಾಕಿದರೆ ಹುಟ್ಟುವಾಗ 249 ಸಿಸಿಯನ್ನೂ ಮುಟ್ಟುವುದಿಲ್ಲ. ಮೊದಲ ಬೋರ್ ಆದ ಮೇಲೆ 250 ದಾಟುತ್ತದೆ.) ಹೀಗೆ ಕೆಲವೇ ಸಲ ಕೊರೆಯಬಹುದಾದ ಕಬ್ಬಿಣ ಅದು. ಹಾಗಿದ್ದ ಮೇಲೆ ಆ ಒಂದೊಂದು ಕಾಲು ಮಿಲಿಮೀಟರನ್ನೂ ಸರಿಯಾಗಿ ಪಳಗಿಸದೆ ವ್ಯರ್ಥ ಮಾಡುವುದು ಯಾವ ಸೀಮೆಯ ಉಳಿಸಿಕೊಳ್ಳುವಿಕೆ? ನನ್ನ ಮುದ್ದಿನಿಂದಾಗಿ ಚಿಕ್ಕಪ್ಪನ ಬ್ಯಾರಲ್ ಒಂದು ಬೋರನ್ನು ಸುಮ್ಮನೆ ಕಳೆದುಕೊಂಡಿತು. ಅದು ಇನ್ನು ಸಿಗುವುದಿಲ್ಲ.

ಎರಡನೇ ಸಲ ಏನು ಮಾಡಿದೆ ಎಂದು ಕೇಳುವವರಿಗೆ. ಕಿಕ್ ಹೊಡೆದು ಒಂದೆರಡು ನಿಮಿಷ, ಬ್ಯಾರಲ್ಲಿನ ರೆಕ್ಕೆ ಕೈಗೆ ಬೆಚ್ಚಗೆ ತಾಗುವವರೆಗೆ ಕಾದು ಹೊರಟೆ. ಟಾಪ್ ಗೇರಿನಲ್ಲಿ ತೆವಳಲಿಲ್ಲ; ಇಂಜಿನ್ ಹಗುರವಾಗಿ ತಿರುಗುವ ಗೇರಿನಲ್ಲಿ ಓಡಿಸಿದೆ. ಅರ್ಧ ಆಕ್ಸಿಲರೇಟರ್ ಕೊಟ್ಟು ಸ್ವಲ್ಪ ದೂರ ಎಳೆಸುವುದು, ಬಿಟ್ಟು ಉಸಿರಾಡಲು ಬಿಡುವುದು, ಮತ್ತೆ ಎಳೆಸುವುದು. ಒಂದೇ ವೇಗದಲ್ಲಿ ಒಂದು ಕಿಲೋಮೀಟರೂ ಹೋಗಲಿಲ್ಲ. ಇದಕ್ಕೆ ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯ ಸರ್ವೀಸ್ ರಸ್ತೆ ಹೇಳಿ ಮಾಡಿಸಿದ್ದು. 2023ರ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಬೈಕುಗಳು ಬರಕೂಡದೆಂದು ನಮ್ಮನ್ನು ಅಲ್ಲಿಗೆ ತಳ್ಳಿದಾಗ ನಾನೂ ಬೈದವನೇ. ಹಂಪು, ತಿರುವು, ಅಡ್ಡ ಬರುವ ಟ್ರ್ಯಾಕ್ಟರು, ಎಮ್ಮೆ. ವೇಗ ಬದಲಾಗುತ್ತಲೇ ಇರಬೇಕು. ಮನುಷ್ಯರಿಗೆ ಶಿಕ್ಷೆ, ಹೊಸ ಬೋರಿಗೆ ವರ.

ಇಪ್ಪತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಪೂರಾ ಆರಲು ಬಿಟ್ಟೆ. ಆರಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಮೇಸ್ತ್ರಿ ಮತ್ತೆ ಬಿಗಿ ನೋಡಿದ. ಪ್ಲಗ್ ಬಿಚ್ಚಿ ಬಣ್ಣ ನೋಡುವುದನ್ನು ಕಲಿಸಿದ: ಕಾಫಿಪುಡಿ ಬಣ್ಣವಾದರೆ ನೆಮ್ಮದಿ, ಸುಣ್ಣದಂತೆ ಬಿಳಿಚಿಕೊಂಡರೆ ಮಿಶ್ರಣ ತೆಳು, ಕಾವು ಜಾಸ್ತಿ. ನಮ್ಮದು ಬಿಳಿಚಿಕೊಂಡಿತ್ತು. ಆಯಿಲ್ ಈ ಸಲ ಅಳೆದು 40 ಮಿಲಿಯೇ ಹಾಕಿದ್ದೆ. ಮೇಸ್ತ್ರಿ ಬೆರಳು ತೋರಿಸಿದ್ದು ಪೆಟ್ರೋಲಿನ ಕಡೆಗೆ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತದ್ದು. ಅಷ್ಟೇ ಗಾಳಿಗೆ ಎಥನಾಲ್ ಹೆಚ್ಚು ಬೇಕು, ಹಳೇ ಕಾರ್ಬುರೇಟರಿಗೆ ಆ ಸುದ್ದಿ ಯಾರೂ ತಿಳಿಸಿಲ್ಲ. ಅವನು ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಿದ, ಸೂಜಿ ಒಂದು ಹಲ್ಲು ಮೇಲೆತ್ತಿದ. "ನಮ್ ಕಬ್ಬೇ ನಮ್ ಬೋರ್ಗೆ ಬಂತಲ್ಲಣ್ಣೋ" ಎಂದು ನಕ್ಕ. ಗದ್ದೆಯ ತುಂಬ ಕಬ್ಬು ಬೆಳೆಯುವ ಊರಿನಲ್ಲಿ ನಿಂತು ಅದಕ್ಕೆ ನಾನು ಏನು ಹೇಳಲಿ?

ಆಮೇಲೆ ಮೇಲುಕೋಟೆ. ಈ ಸಲ ತಪ್ಪಿಸಿಕೊಳ್ಳಲಿಲ್ಲ, ಬೇಕೆಂದೇ ಹತ್ತಿಸಿದೆ. ಹತ್ತುವಾಗ ಒಂದು ಗೇರ್ ಇಳಿಸಿ ಅರ್ಧ ಆಕ್ಸಿಲರೇಟರಿನಲ್ಲಿ ಎಳೆಸಿ, ಮೇಲೆ ಹೋಗಿ ನಿಲ್ಲಿಸಿ, ಪುಳಿಯೋಗರೆ ತಿಂದು, ಇಂಜಿನ್ ಆರಿದ ಮೇಲೆ ಕ್ಲಚ್ ಹಿಡಿದುಕೊಂಡು ಇಳಿದೆ. ಜಕ್ಕನಹಳ್ಳಿಯಲ್ಲಿ ಕೈ ನಡುಗುತ್ತಿತ್ತು. ಗಾಡಿ ಮಾತ್ರ ನಿಲ್ಲಲಿಲ್ಲ.

ಆದರೆ ನನ್ನ ಜಗಳ ತಂತ್ರದ ಬಗ್ಗೆ ಮುಗಿಯುವುದಿಲ್ಲ. ಇಂಜಿನ್ ಕಟ್ಟುವ ಕೆಲಸ ಗ್ಯಾರೇಜಿನಲ್ಲಿ ಮುಗಿಯುವುದಿಲ್ಲ ಎಂಬುದು ನನ್ನ ವಾದ. ಮೇಸ್ತ್ರಿ ಕೊಡುವುದು ಅರ್ಧ ಕೆಲಸ. ಬೋರಿನ ಕೊನೆಯ ಹೋನಿಂಗ್ ಮಾಡುವವನು ಮೊದಲ ಐನೂರು ಕಿಲೋಮೀಟರ್ ಓಡಿಸುವವನು. ಆ ಅರ್ಧವನ್ನು ದುಡ್ಡು ಕೊಟ್ಟು ಮಾಡಿಸಲಾಗದು. ಹೀಗಿದ್ದೂ ಗಾಡಿ ಹಿಡಿದುಕೊಂಡಾಗ ನಾವು ಕೂಗಾಡುವುದು ಮೊದಲರ್ಧ ಮಾಡಿದವನ ಮೇಲೆ. ಅವನ ಹತ್ತಿರ ಬಿಲ್ಲಿಲ್ಲ, ಗ್ಯಾರಂಟಿ ಕಾರ್ಡಿಲ್ಲ, ಇಂಗ್ಲಿಷಿಲ್ಲ. ಇರುವುದು ಊರಿನಲ್ಲಿ ಒಂದು ಹೆಸರು. ನಾಲ್ಕು ಜನರ ಎದುರು ನಾವು ಕೂಗಿದರೆ ಹೋಗುವುದು ಅದೇ. ಹೆಸರು ಹೋಗುವ ಭಯಕ್ಕೆ ಅವನು ಕೂಲಿ ಬಿಡುತ್ತಾನೆ, ನಾವು ಅದನ್ನು ಅವನ ತಪ್ಪೊಪ್ಪಿಗೆ ಎಂದು ಓದಿಕೊಳ್ಳುತ್ತೇವೆ. ಅವನ ಮಗ ಇದನ್ನೆಲ್ಲ ನೋಡುತ್ತ ಬೆಳೆದು ಮೈಸೂರಿನ ಶೋರೂಮಿನಲ್ಲಿ ಕೆಲಸ ಹುಡುಕಿಕೊಳ್ಳುತ್ತಾನೆ. ಆಮೇಲೆ ನಾವು ಹಳೇ ಗಾಡಿ ಮಾಡುವ ಕೈಗಳೇ ಇಲ್ಲವಾಗುತ್ತಿವೆ ಎಂದು ಇಂಥದೇ ಪತ್ರಿಕೆಗಳಲ್ಲಿ ಲೇಖನ ಬರೆಯುತ್ತೇವೆ.

ಮೇಸ್ತ್ರಿಗಳ ಕಡೆಯ ತಪ್ಪೂ ಇಲ್ಲದಿಲ್ಲ. "ಗೇಯ್ಸಿ, ಸುಧಾರಿಸ್ಕೊಳಕ್ ಬುಡಿ" ಎಂಬುದು ಬಲ್ಲವರಿಗೆ ಪೂರ್ತಿ ಪಾಠ, ನನ್ನಂಥವರಿಗೆ ಒಗಟು. ಅದಕ್ಕೇ ಈಗ ನಮ್ಮ ಮೇಸ್ತ್ರಿಯ ಹತ್ತಿರ ಕೂತು ನಾನೇ ಒಂದು ಚೀಟಿ ಬರೆದುಕೊಟ್ಟಿದ್ದೇನೆ, ಅವನ ಬಾಯಿಂದ ಕೇಳಿಸಿಕೊಂಡು. ಎಷ್ಟನೇ ಬೋರು, ಸಂದು ಎಷ್ಟು ಬಿಟ್ಟಿದೆ, ಯಾವ ಜೆಟ್, ಲೀಟರಿಗೆ ಎಷ್ಟು ಆಯಿಲ್, ಎಷ್ಟು ಕಿಲೋಮೀಟರಿಗೆ ವಾಪಸ್ ಬರಬೇಕು. ಕೆಳಗೆ ಗಾಡಿಯವನ ಸಹಿ. 'ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲಿ ಬಿಡಬಾರದು' ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. ಇಂಜಿನ್ ಕೆಲಸದ ಕೂಲಿಯಲ್ಲಿ ಎರಡು ಸಲದ ತಪಾಸಣೆಯ ದುಡ್ಡನ್ನು ಬೇರೆಯಾಗಿ, ಮೊದಲೇ ತೆಗೆದುಕೊಳ್ಳಲು ಹೇಳಿದರೆ ಅವನಿನ್ನೂ ಒಪ್ಪುತ್ತಿಲ್ಲ. "ಅದ್ಕೆಲ್ಲ ಯಾರಣ್ಣ ಕಾಸ್ ಕೊಟ್ಟಾರು" ಅನ್ನುತ್ತಾನೆ. ನಾನು ಕೊಟ್ಟಿದ್ದೇನೆ. ಅವತ್ತು ಬಿಟ್ಟುಕೊಟ್ಟ ಮೂರು ದಿನದ ಕೂಲಿಯನ್ನು ಮಾತ್ರ ಎಷ್ಟು ಹೇಳಿದರೂ ಇಸಕೊಳ್ಳುತ್ತಿಲ್ಲ.